ಹಗಲಿನ ಅಳತೆ, ಸಾಲ್ವಿಯದ ಸರದಿ

ಬೆಂಗಳೂರಿನಂಥ ಹಿತವಾದ ಹವೆಯ ಊರಿನಲ್ಲೂ ಹನ್ನೆರಡು ತಿಂಗಳು ಹೂ ಕಾಣಲು ಒಂದು ಗಿಡ ಸಾಲದು, ಸರದಿ ಬೇಕು. ಅದನ್ನು ಕಟ್ಟಲು ಸಾಲ್ವಿಯದಷ್ಟು ಒದಗಿಬರುವ ಗಿಡ ಕಡಿಮೆ. ಆದರೆ ಆರಿಸುವಾಗ ಹೂವಿನ ಬಣ್ಣಕ್ಕಿಂತ ಮೊದಲು ಗಿಡದ ತವರನ್ನು ಕೇಳಬೇಕು.

ಬೆಂಗಳೂರಿನ ಬೀದಿಮರಗಳಿಗೆ ತಮ್ಮದೇ ಪಂಚಾಂಗವಿದೆ. ಚಳಿ ಇಳಿಯುತ್ತಿದ್ದಂತೆ ಟಬೂಬಿಯ, ಅದರ ಬೆನ್ನಿಗೇ ಜಕರಂಡ, ಯುಗಾದಿಯ ಹೊತ್ತಿಗೆ ಹೊಂಗೆ, ಏಪ್ರಿಲ್-ಮೇ ತಿಂಗಳಲ್ಲಿ ಗುಲ್‌ಮೊಹರ್, ಮುಂಗಾರಿನ ಹೊಸ್ತಿಲಲ್ಲಿ ಹೊಳೆದಾಸವಾಳ, ದೀಪಾವಳಿಯ ಆಸುಪಾಸಿನಲ್ಲಿ ಆಕಾಶಮಲ್ಲಿಗೆ. ಇದರಲ್ಲಿ ಹೆಚ್ಚಿನದು ತಾನಾಗಿ ಆದದ್ದಲ್ಲ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಸಂಸ್ಥಾನದಲ್ಲಿ ಪಳಗಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್ ಹಾಕಿಕೊಟ್ಟ ಲೆಕ್ಕ ಅದು. ವರ್ಷದ ಯಾವ ತಿಂಗಳಲ್ಲಿ ಹೊರಟರೂ ಊರಿನ ಯಾವುದಾದರೊಂದು ರಸ್ತೆ ಹೂ ಬಿಟ್ಟಿರಬೇಕು ಎಂಬುದು ಅದರ ಸೂತ್ರ. ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದರ ಮೊಗ್ಗು ಬಿರಿಯಬೇಕು. ಸರಣಿ ಹೂ ಎಂದು ಇಂದಿಗೂ ಅದನ್ನು ನೆನೆಯುತ್ತಾರೆ.

ಮರದ ಮಟ್ಟದಲ್ಲಿರುವ ಈ ಶಿಸ್ತು ನೆಲದ ಮಟ್ಟದಲ್ಲಿಲ್ಲ. ಮನೆ ಮುಂದಿನ ಪಾತಿಯಾಗಲಿ, ತಾರಸಿಯ ಕುಂಡವಾಗಲಿ, ಡಿಸೆಂಬರ್‌ನಲ್ಲಿ ಪೆಟೂನಿಯ, ಡೇಲಿಯ, ಸೇವಂತಿಗೆಯಿಂದ ತುಂಬಿ ತುಳುಕುತ್ತದೆ. ಏಪ್ರಿಲ್ ಬಂತೆಂದರೆ ಒಣಕಲು ಕಡ್ಡಿ, ಜುಲೈನಲ್ಲಿ ಬರೀ ಹಸಿರು. ತಿಂಗಳಿಗೊಮ್ಮೆ ನರ್ಸರಿಗೆ ಹೋಗಿ ಅರಳಿದ ಗಿಡವನ್ನೇ ತಂದಿಟ್ಟು, ಬಾಡಿದ್ದನ್ನು ಎಸೆಯುವುದು ಅನೇಕರ ಪದ್ಧತಿ. ಖರ್ಚಿನ ಮಾತು ಹಾಗಿರಲಿ, ಅದು ತೋಟಗಾರಿಕೆಯೇ ಅಲ್ಲ. ಕೃಂಬಿಗಲ್ ಮರಗಳಲ್ಲಿ ಮಾಡಿದ್ದನ್ನು ಎಂಟಡಿ ಉದ್ದದ ಪಾತಿಯಲ್ಲಿ ಮಾಡಲಾಗುವುದೇ? ಆಗುತ್ತದೆ, ಅದೂ ಒಂದೇ ಕುಲದ ಗಿಡಗಳಿಂದ.

ಕೆಂಪು ತೆನೆಯ ಆಚೆಗೆ

ಸಾಲ್ವಿಯ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೊಣಕಾಲೆತ್ತರವೂ ಇಲ್ಲದ, ಕಡುಗೆಂಪು ತೆನೆ ಹೊತ್ತ ಗಿಡ. ಫಲಪುಷ್ಪ ಪ್ರದರ್ಶನದ ಮಡಿಗಳಲ್ಲಿ, ಕಚೇರಿ ಆವರಣದ ಅಂಚುಗಳಲ್ಲಿ, ಹೋಟೆಲಿನ ಮುಂಭಾಗದಲ್ಲಿ ಸಾಲಾಗಿ ನಿಲ್ಲುವುದು ಅದೇ. ಸಸ್ಯಶಾಸ್ತ್ರದ ಹೆಸರು ಸಾಲ್ವಿಯ ಸ್ಪ್ಲೆಂಡೆನ್ಸ್, ತವರು ಬ್ರೆಜಿಲ್. ಅಲ್ಲಿನ ತೇವದ ಗುಡ್ಡಗಾಡುಗಳಲ್ಲಿ ಅದು ಆಳೆತ್ತರಕ್ಕೆ ಹತ್ತಿರವಾಗಿ ಬೆಳೆಯುವ, ವರ್ಷಗಟ್ಟಲೆ ಬದುಕುವ ಪೊದೆ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿಗೆ ಹೋದ ಮೇಲೆ ತಳಿಗಾರರು ಅದನ್ನು ಗಿಡ್ಡಗೊಳಿಸಿ, ಮೂರು ತಿಂಗಳು ಉರಿದು ಮುಗಿಯುವ ಮಡಿಯ ಗಿಡವನ್ನಾಗಿ ಮಾಡಿದರು. ಸಾಲ್ವಿಯ ಅಲ್ಪಾಯುಷಿ ಎಂಬ ನಮ್ಮ ನಂಬಿಕೆ ಹುಟ್ಟಿದ್ದು ಹೀಗೆ.

ಈ ಕುಲದಲ್ಲಿ ಸುಮಾರು 1,000 ಪ್ರಭೇದಗಳಿವೆ. ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬದಲ್ಲಿ ಇದೇ ಅತಿ ದೊಡ್ಡ ಕುಲ. ಗುರುತು ಹಿಡಿಯುವುದೂ ಆ ನೆಂಟಸ್ತಿಕೆಯಿಂದಲೇ: ಚೌಕಾಕಾರದ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂ, ಎಲೆ ಉಜ್ಜಿದರೆ ಒಂದಲ್ಲ ಒಂದು ಪರಿಮಳ. ಅಡುಗೆಯ ಸೇಜ್ ಸಾಲ್ವಿಯವೇ. ರೋಸ್‌ಮೇರಿಯೂ ಈಗ ಸಾಲ್ವಿಯ. ವಂಶವಾಹಿಗಳ ಅಧ್ಯಯನ ಹಾಗೆ ಹೇಳಿದ್ದನ್ನು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2019ರಲ್ಲಿ ಒಪ್ಪಿಕೊಂಡಿತು. ಆರೋಗ್ಯದ ಹೆಸರಿನಲ್ಲಿ ನೀರಿಗೆ ಹಾಕಿ ಕುಡಿಯುವ ಚಿಯಾ ಬೀಜವೂ ಸಾಲ್ವಿಯದ್ದೇ. ನಮ್ಮ ಕಾಮಕಸ್ತೂರಿ ಅದಕ್ಕೆ ನೆಂಟ, ಆದರೆ ತುಳಸಿಯ ಕುಲದ್ದು.

ಸಾವಿರ ಪ್ರಭೇದಗಳಿರುವಲ್ಲಿ ಆಯ್ಕೆ ಸುಲಭವಲ್ಲ. ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕದ ಸುಂದರ ಚಿತ್ರ ನೋಡಿ ಬೀಜ ತರಿಸಿದವರು ಬೆಂಗಳೂರಿನಲ್ಲಿ ಎಲೆ ಮಾತ್ರ ಕಂಡಿರುವುದುಂಟು. ತಪ್ಪು ಗಿಡದ್ದಲ್ಲ. ಪ್ರತಿ ಸಾಲ್ವಿಯವೂ ತವರಿನ ಎರಡು ಲೆಕ್ಕಗಳನ್ನು ಮೈಯಲ್ಲಿ ಹೊತ್ತು ತರುತ್ತದೆ. ಮಳೆ ಯಾವ ಕಾಲಕ್ಕೆ ಬೀಳುತ್ತದೆ ಎಂಬುದು ಒಂದು. ಹಗಲು ಎಷ್ಟು ಉದ್ದ ಎಂಬುದು ಇನ್ನೊಂದು.

ಮಳೆಯ ಲೆಕ್ಕ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಹಗಲು 34ರ ಸುತ್ತ ಇರುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ದಾಖಲೆಯೂ ಉಂಟು. ಮೇ ತಿಂಗಳ ಗುಡುಗುಮಳೆಯಿಂದ ಅಕ್ಟೋಬರ್‌ವರೆಗೆ ನೆಲ ತೇವ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅತಿ ಹೆಚ್ಚು ಮಳೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣಹವೆ.

ಈ ನಕ್ಷೆಯನ್ನು ಮೆಕ್ಸಿಕೊದ ಎತ್ತರದ ನಾಡಿನ ಪಕ್ಕದಲ್ಲಿಟ್ಟು ನೋಡಿ. ಸುಮಾರು 1,560 ಮೀಟರ್ ಎತ್ತರದ ಗ್ವಾಡಲಹಾರ ನಗರದಲ್ಲಿ ಮೇ ತಿಂಗಳು ಅತಿ ಬಿಸಿ, ಜೂನ್ ಬಂತೆಂದರೆ ಮಳೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣಹವೆ. ಬೇಸಿಗೆಯ ಝಳ ಮಳೆಗೆ ಮೊದಲೇ ಬಂದು ಹೋಗುವುದು, ಬೆಚ್ಚನೆಯ ತಿಂಗಳುಗಳಲ್ಲೇ ನೆಲಕ್ಕೆ ನೀರು ಸಿಗುವುದು, ಹಿಮ ಬೀಳದ ಹಗುರ ಚಳಿ ಎಲ್ಲವೂ ನಮ್ಮದೇ ಬಗೆ. ಸಾಲ್ವಿಯ ಪ್ರಭೇದಗಳಲ್ಲಿ ಸುಮಾರು 300 ಇರುವುದು ಮೆಕ್ಸಿಕೊದಲ್ಲಿ. ಅವುಗಳಲ್ಲಿ ಹಲವು ಇಂಥ ಪ್ರಸ್ಥಭೂಮಿಯ, ಬೆಟ್ಟದ ಅಂಚಿನ ಗಿಡಗಳು. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಧಾರವಾಡ, ಬೆಳಗಾವಿಯ ಮನೆತೋಟದವರು ಹುಡುಕಬೇಕಾದ ತವರು ಇದೇ.

ಅವು ಇಲ್ಲಿಗೆ ಒಗ್ಗುತ್ತವೆ ಎಂಬುದಕ್ಕೆ ಹೊಲದ ಸಾಕ್ಷಿಯೂ ಇದೆ. ಚಿಯಾ ಮೆಕ್ಸಿಕೊ ಮತ್ತು ಗ್ವಾಟೆಮಾಲದ ಬೆಳೆ, ಅಲ್ಲಿನ ಆಸ್ಟೆಕ್ ಜನರ ಆಹಾರ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅದನ್ನು ನಮ್ಮ ರೈತರಿಗೆ ಪರಿಚಯಿಸಿತು, ಎಚ್.ಡಿ. ಕೋಟೆಯ ಕಡೆಯ ಹೊಲಗಳಲ್ಲಿ ಮುಂಗಾರು ಇಳಿಯುವ ಹೊತ್ತಿಗೆ ಬಿತ್ತಿ, ಚಳಿಗಾಲ ಮುಗಿಯುವುದರೊಳಗೆ ಕೊಯ್ಲು ಮಾಡುತ್ತಾರೆ. ನೀಲಿ ತೆನೆಯ ಆ ಹೊಲ ನೋಡಿದವರಿಗೆ ಮೆಕ್ಸಿಕೊದ ಸಾಲ್ವಿಯ ಮೈಸೂರು ಸೀಮೆಗೆ ಹೊಂದುತ್ತದೆಯೇ ಎಂಬ ಅನುಮಾನ ಉಳಿಯದು.

ದಕ್ಷಿಣ ಅಮೆರಿಕದ ಬ್ರೆಜಿಲ್, ಪರಾಗ್ವೆ, ಉತ್ತರ ಅರ್ಜೆಂಟೀನಾದ ಸಾಲ್ವಿಯಗಳೂ ಬೇಸಿಗೆ ಮಳೆಗೆ ಒಗ್ಗಿದವು. ಅವೂ ನಮಗೆ ಸಲ್ಲುತ್ತವೆ.

ಇನ್ನೊಂದು ಕಡೆ ಮೆಡಿಟರೇನಿಯನ್ ತೀರದವು, ಕ್ಯಾಲಿಫೋರ್ನಿಯದವು ಇವೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ಅಡುಗೆಯ ಸೇಜ್, ರೋಸ್‌ಮೇರಿ, ಕ್ಯಾಲಿಫೋರ್ನಿಯದ ಬಿಳಿ ಸೇಜ್, ನೀಲಿ ಹೂವಿನ ಕ್ಲೀವ್‌ಲ್ಯಾಂಡಿಯೈ ಇವೆಲ್ಲ ಆ ಪೈಕಿ. ಬೆಚ್ಚನೆಯ ನೆಲದಲ್ಲಿ ನೀರು ನಿಂತರೆ ಇವುಗಳ ಬೇರು ಕೊಳೆಯುತ್ತದೆ. ಜುಲೈ-ಆಗಸ್ಟಿನಲ್ಲಿ ರೋಸ್‌ಮೇರಿ ಗಿಡ ಒಮ್ಮೆಲೇ ಕಂದಿ ಸಾಯುವುದನ್ನು ಕಂಡವರು ಕಾರಣ ಕೇಳುತ್ತಿರುತ್ತಾರೆ, ಕಾರಣ ಇದೇ. ಅವು ಬೇಕೇ ಬೇಕೆಂದರೆ ಮರಳು ಹೆಚ್ಚಾಗಿ ಬೆರೆಸಿದ ಕುಂಡದಲ್ಲಿಟ್ಟು, ಮಳೆಗಾಲಕ್ಕೆ ಸೂರಿನಡಿ ಸರಿಸಬೇಕು. ಹೂವಿನ ಆಸೆಯನ್ನು ಮಾತ್ರ ಇಟ್ಟುಕೊಳ್ಳಬಾರದು. ಇನ್ನು ಯುರೋಪಿನ ತೋಟಗಳ ಹೆಮ್ಮೆಯಾದ ನೆಮೊರೋಸಾ ಬಗೆಯವಕ್ಕೆ ಗಟ್ಟಿಯಾದ ಚಳಿಗಾಲದ ವಿಶ್ರಾಂತಿ ಬೇಕು. ಬೆಂಗಳೂರಿನ ಚಳಿ ಅವಕ್ಕೆ ಚಳಿಯೇ ಅಲ್ಲ.

ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡಿಗರಿಗೆ ಲೆಕ್ಕ ತಿರುವುಮುರುವು. ಅಲ್ಲಿಯೂ ಹವೆ ಹಿತವಾದದ್ದೇ, ಆದರೆ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಇಲ್ಲಿ ಸಾಯುವ ಕ್ಲೀವ್‌ಲ್ಯಾಂಡಿಯೈ ಅಲ್ಲಿ ನೀರನ್ನೇ ಬೇಡದೆ ಬೇಸಿಗೆ ಕಳೆಯುತ್ತದೆ. ಮೆಕ್ಸಿಕೊದವೂ ಅಲ್ಲಿ ಬೆಳೆಯುತ್ತವೆ, ಆದರೆ ಬೇಸಿಗೆಯಲ್ಲಿ ನೀರು ಕೈಯಾರೆ ಕೊಡಬೇಕು. ಕ್ಯಾಲಿಫೋರ್ನಿಯದ ತೋಟಗಾರ್ತಿ ಬೆಟ್ಸಿ ಕ್ಲೆಬ್ಷ್ 1997ರಲ್ಲಿ ಈ ಕುಲದ ಮೇಲೆ ಪುಸ್ತಕವನ್ನೇ ಬರೆದರು. ಊರಿಗೆ ಬಂದ ಮಗಳೋ ಅಳಿಯನೋ ಅಲ್ಲಿನ ತೋಟದ ಅನುಭವ ಹೇಳಿದರೆ ಗಿಡದ ಹೆಸರನ್ನು ಬರೆದುಕೊಳ್ಳಿ, ಆರೈಕೆಯ ಮಾತನ್ನು ಇಲ್ಲಿನ ಮಳೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಹಗಲಿನ ಲೆಕ್ಕ

ಗಿಡ ಹೂ ಬಿಡುವ ಕಾಲವನ್ನು ಹಗಲು-ರಾತ್ರಿಗಳ ಉದ್ದ ನೋಡಿ ತೀರ್ಮಾನಿಸುವುದುಂಟು ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ತೋರಿಸಿದರು. ತಂಬಾಕು, ಸೋಯಾ ಅವರ ಪ್ರಯೋಗದ ಗಿಡಗಳು. ನಮ್ಮ ಸೇವಂತಿಗೆ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ: ಹಗಲು ಕುಗ್ಗಿದಾಗ ಮೊಗ್ಗು ಕಟ್ಟುತ್ತದೆ.

ಮೆಕ್ಸಿಕೊದ ಹಲವು ಸಾಲ್ವಿಯಗಳೂ ಹೀಗೆಯೇ. ಅಲ್ಲಿ ಮಳೆಗಾಲದಲ್ಲಿ ಮೈ ಬೆಳೆಸಿಕೊಂಡು, ಹಗಲು ಕುಗ್ಗುತ್ತಿದ್ದಂತೆ ಹೂವಿಗೆ ತಿರುಗುತ್ತವೆ. ನೇರಳೆ ವೆಲ್ವೆಟ್ ತೆನೆಯ ಸಾಲ್ವಿಯ ಲ್ಯೂಕ್ಯಾಂಥಾ, ಅನಾನಸ್ ಪರಿಮಳದ ಎಲಿಗನ್ಸ್, ಹಳದಿ ಹೂವಿನ ಮ್ಯಾಡ್ರೆನ್ಸಿಸ್, ಹೊಲದ ಚಿಯಾ ಎಲ್ಲವೂ ಈ ಗುಂಪಿನವು. ಚಿಯಾವನ್ನು ಮುಂಗಾರಿನ ಆರಂಭದಲ್ಲಿ ಬಿತ್ತಿದರೆ ಬರೀ ಎತ್ತರಕ್ಕೆ ಬೆಳೆಯುತ್ತದೆಂದೇ ರೈತರು ಹಿಂಗಾರಿಗೆ ಕಾಯುವುದು.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷಕ್ಕೆ ತುಸು ಹೆಚ್ಚು. ಜೂನ್‌ನ ಅತಿ ದೊಡ್ಡ ಹಗಲು 13 ಗಂಟೆಗೆ ತುಸು ಕಡಿಮೆ. ಎರಡರ ನಡುವಿನ ಅಂತರ ಒಂದೂವರೆ ಗಂಟೆ ಮಾತ್ರ. ಸಾನ್ ಫ್ರಾನ್ಸಿಸ್ಕೊದಲ್ಲಿ ಈ ಅಂತರ ಐದು ಗಂಟೆ ದಾಟುತ್ತದೆ, ಲಂಡನ್ನಿನಲ್ಲಿ ಎಂಟು ಗಂಟೆ ದಾಟುತ್ತದೆ. ಅಂತರ ಕಡಿಮೆಯೆಂದು ಗಿಡಕ್ಕೆ ತಿಳಿಯದೆ ಹೋಗುವುದಿಲ್ಲ. ಅಕ್ಟೋಬರ್ ಮೊದಲ ವಾರಗಳಲ್ಲಿ ನಮ್ಮ ಹಗಲು 12 ಗಂಟೆಗಿಂತ ಕೆಳಗಿಳಿಯುತ್ತದೆ, ಮಾರ್ಚ್‌ನಲ್ಲಿ ಮತ್ತೆ ಮೇಲೇರುತ್ತದೆ. ಲ್ಯೂಕ್ಯಾಂಥಾ ಇಲ್ಲಿ ಹೂವಾಗಿ ನಿಲ್ಲುವುದು ಸರಿಸುಮಾರು ಈ ಅವಧಿಯಲ್ಲೇ.

ಈ ಗುಂಪಿನ ಗಿಡಗಳಿಗೆ ಬೀದಿದೀಪ ಶತ್ರು. ರಾತ್ರಿಯಿಡೀ ಉರಿಯುವ ಎಲ್‌ಇಡಿ ದೀಪದ ಕೆಳಗೆ ನೆಟ್ಟರೆ ಗಿಡಕ್ಕೆ ರಾತ್ರಿ ಆಗುವುದೇ ಇಲ್ಲ. ಹೂ ತಡವಾಗುತ್ತದೆ, ಕೆಲವೊಮ್ಮೆ ಬಾರದೆಯೂ ಹೋಗುತ್ತದೆ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದೇ ಗಿಡ ಒಂದೆಡೆ ಮೈತುಂಬ ಹೂ ಬಿಟ್ಟು, ಇನ್ನೊಂದೆಡೆ ಬರಡಾಗಿ ನಿಂತಿದ್ದರೆ ಗೊಬ್ಬರವನ್ನು ದೂರುವ ಮೊದಲು ದೀಪದ ಕಂಬ ಎಲ್ಲಿದೆ ಎಂದು ನೋಡಿ. ಚಳಿಗಾಲದ ಸಾಲ್ವಿಯಗಳ ಜಾಗ ಹಿತ್ತಲು, ಇಲ್ಲವೇ ಮನೆಯ ನೆರಳು ದೀಪವನ್ನು ಮರೆಮಾಡುವ ಮೂಲೆ.

ಎಲ್ಲ ಸಾಲ್ವಿಯಗಳೂ ಹಗಲನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆಯುವುದಿಲ್ಲ. ಫ್ಯಾರಿನೇಸಿಯಾ, ಕಾಕ್ಸಿನಿಯಾ, ಗ್ವಾರನಿಟಿಕಾ, ಮೈಕ್ರೋಫಿಲ್ಲಾ ಮೊದಲಾದವು ಬೆಳಕು, ಬಿಸಿ, ನೀರು ಒದಗಿದಾಗೆಲ್ಲ ಹೂ ಕೊಡುತ್ತವೆ. ಸರದಿ ಕಟ್ಟುವ ಗುಟ್ಟು ಇಲ್ಲಿದೆ: ಹಗಲು ನೋಡಿ ಅರಳುವ ಒಂದೆರಡು, ಹಗಲಿನ ಗೊಡವೆ ಇಲ್ಲದ ಎರಡು-ಮೂರು.

ಯಾವ ಕಾಲಕ್ಕೆ ಯಾವುದು

ಬೇಸಿಗೆ, ಮಾರ್ಚ್‌ನಿಂದ ಮೇ: ಇದು ಪಾತಿಯ ಪರೀಕ್ಷಾಕಾಲ. ಬಿಸಿಲಿಗೆ ಬೆನ್ನು ಕೊಡಬಲ್ಲದ್ದು ಫ್ಯಾರಿನೇಸಿಯಾ. ಟೆಕ್ಸಸ್ ಮತ್ತು ಮೆಕ್ಸಿಕೊ ಮೂಲದ ಈ ಗಿಡದ ಹೂಕಾಂಡಕ್ಕೆ ಹಿಟ್ಟು ಉದುರಿಸಿದಂಥ ಬಿಳಿ ಲೇಪ ಇರುತ್ತದೆ. ಹೂ ನೀಲಿ ಅಥವಾ ಬಿಳಿ, ಎತ್ತರ ಎರಡಡಿಯ ಒಳಗೆ. ನರ್ಸರಿಯವರು ವಾರ್ಷಿಕ ಗಿಡವೆಂದು ಮಾರಿದರೂ ನಮ್ಮ ಹವೆಯಲ್ಲಿ ಒಂದಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ. ಇದಕ್ಕೆ ಜೊತೆ ಕಾಕ್ಸಿನಿಯಾ. ಕೆಂಪು, ಬಿಳಿ, ಪೀಚ್ ಬಣ್ಣಗಳ ಈ ತೆಳು ಮೈಯ ಗಿಡ ತಾನೇ ಬೀಜ ಉದುರಿಸಿ, ತಾನೇ ಹುಟ್ಟಿ, ಒಮ್ಮೆ ಬಂದ ಮನೆಯನ್ನು ಬಿಡುವುದಿಲ್ಲ. ಗಿರಿಧಾಮಗಳ ರಸ್ತೆಬದಿಯಲ್ಲೂ ಇದು ಕಾಡುಗಿಡವಾಗಿ ನೆಲೆಸಿಬಿಟ್ಟಿದೆ. ಹೆಚ್ಚಿದ್ದನ್ನು ಮೊಳಕೆಯಲ್ಲೇ ಕಿತ್ತು ಹದ್ದುಬಸ್ತಿನಲ್ಲಿಡುವುದು ನಮ್ಮ ಹೊಣೆ. ಎತ್ತರ ಬೇಕೆನ್ನುವವರಿಗೆ ಇಂಡಿಗೊ ಸ್ಪೈರ್ಸ್ ಇದೆ. ಕ್ಯಾಲಿಫೋರ್ನಿಯದ ಹಂಟಿಂಗ್‌ಟನ್ ಸಸ್ಯೋದ್ಯಾನದಲ್ಲಿ 1970ರ ದಶಕದಲ್ಲಿ ತಾನಾಗಿ ಹುಟ್ಟಿದ ಈ ಮಿಶ್ರತಳಿಗೆ ಫ್ಯಾರಿನೇಸಿಯಾ ಒಂದು ಕಡೆಯ ಹೆತ್ತವರು. ಬಾಗಿ ಬಳುಕುವ ಉದ್ದನೆಯ ನೀಲಿ ತೆನೆ. ಗಾಳಿಗೆ ಮುರಿಯದಂತೆ ಕೋಲಿನ ಆಸರೆ ಬೇಕು. ನೀರು ಹಾಕಲು ಪುರುಸೊತ್ತಿಲ್ಲದವರಿಗೆ ಗ್ರೆಗ್ಗಿಯೈ ಮತ್ತು ಮೈಕ್ರೋಫಿಲ್ಲಾ ಇವೆ. ಚಿಕ್ಕ ಎಲೆಯ ಈ ಗಟ್ಟಿ ಪೊದೆಗಳು ಕುಂಡದಲ್ಲೂ ಸುಖವಾಗಿರುತ್ತವೆ. ಮೈಕ್ರೋಫಿಲ್ಲಾದ ಹಾಟ್ ಲಿಪ್ಸ್ ಎಂಬ ತಳಿ ಹವೆ ಬದಲಾದಂತೆ ಬಣ್ಣ ಬದಲಿಸುತ್ತದೆ. ಒಂದೇ ಗಿಡದಲ್ಲಿ ಪೂರ್ತಿ ಕೆಂಪು, ಪೂರ್ತಿ ಬಿಳಿ, ಎರಡೂ ಸೇರಿದ ಹೂಗಳನ್ನು ಕಾಣಬಹುದು.

ಮಳೆಗಾಲ, ಜೂನ್‌ನಿಂದ ಸೆಪ್ಟೆಂಬರ್: ಮೋಡದ ಮಂಕಿನಲ್ಲೂ ಹೊಳೆಯುವುದು ದಕ್ಷಿಣ ಅಮೆರಿಕದ ಗ್ವಾರನಿಟಿಕಾ. ಬ್ಲಾಕ್ ಆಂಡ್ ಬ್ಲೂ ಎಂಬ ಅದರ ತಳಿಯಲ್ಲಿ ಕಡುನೀಲಿ ಹೂ, ಕಪ್ಪನೆಯ ಪುಷ್ಪಪಾತ್ರೆ. ಬೇರಿನಲ್ಲಿ ಗೆಡ್ಡೆ ಕಟ್ಟಿಕೊಳ್ಳುವುದರಿಂದ ಬೇಸಿಗೆಯಲ್ಲಿ ಸೊರಗಿದರೂ ಮೊದಲ ಮಳೆಗೆ ಬುಡದಿಂದ ಚಿಗುರುತ್ತದೆ. ಅಮಿಸ್ತಾದ್ ಇದೇ ಬಳಗದ್ದು. ಅರ್ಜೆಂಟೀನಾದ ಸಾಲ್ವಿಯ ತಜ್ಞ ರೊಲಾಂಡೊ ಉರಿಯಾ ಕಣ್ಣಿಗೆ ಬಿದ್ದು, ಈಚಿನ ದಶಕದಲ್ಲಿ ಜಗತ್ತಿನ ತೋಟಗಳನ್ನೆಲ್ಲ ಹೊಕ್ಕ ಕಡುನೇರಳೆ ಹೂವಿನ ತಳಿ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಮನೆತೋಟವೊಂದರಲ್ಲಿ ಹುಟ್ಟಿದ ವೆಂಡೀಸ್ ವಿಶ್‌ನದು ಕಡುಗುಲಾಬಿ ಬಣ್ಣ. ನಮ್ಮ ಹಳೆಯ ಪರಿಚಯದ ಸ್ಪ್ಲೆಂಡೆನ್ಸ್‌ಗೂ ಇದು ಹಿತವಾದ ಕಾಲ. ಅದರ ಎತ್ತರದ ಹಳೆಯ ಬಗೆ ಸಿಕ್ಕರೆ ಬಿಡಬೇಡಿ. ಅರೆನೆರಳಿನಲ್ಲಿ ನೆಟ್ಟರೆ ತವರಿನ ಸ್ವಭಾವ ತೋರಿಸುತ್ತದೆ.

ಚಳಿಗಾಲ, ಅಕ್ಟೋಬರ್‌ನಿಂದ ಫೆಬ್ರುವರಿ: ಈಗಿನ ರಾಜ ಲ್ಯೂಕ್ಯಾಂಥಾ. ನೀಳವಾದ, ಸುಕ್ಕುಗಟ್ಟಿದ ಎಲೆಯ ಅಡಿಭಾಗ ಬಿಳಿ. ನೇರಳೆ ವೆಲ್ವೆಟ್ ಪುಷ್ಪಪಾತ್ರೆಯಿಂದ ಬಿಳಿ ಹೂ ಇಣುಕುತ್ತದೆ. ಹೂವೂ ನೇರಳೆಯೇ ಆಗಿರುವ ಬಗೆಯೂ ಉಂಟು. ಹೂ ಉದುರಿದರೂ ಪಾತ್ರೆ ಬಣ್ಣ ಉಳಿಸಿಕೊಳ್ಳುವುದರಿಂದ ತೆನೆ ವಾರಗಟ್ಟಲೆ ಚೆಂದ ಕೆಡುವುದಿಲ್ಲ. ಮೂರು-ನಾಲ್ಕಡಿ ಅಗಲಕ್ಕೆ ಹರಡುತ್ತದೆ, ಜಾಗ ಬಿಟ್ಟು ನೆಡಬೇಕು. ಕುಂಡಕ್ಕೆ ಬೇಕಾದರೆ ಸಾಂಟಾ ಬಾರ್ಬರಾ ಎಂಬ ಗಿಡ್ಡ ತಳಿಯನ್ನು ಕೇಳಿ. ಎಲಿಗನ್ಸ್ ಎಂಬ ಅನಾನಸ್ ಸೇಜ್ ಉರಿಗೆಂಪು ಹೂ ಕೊಡುತ್ತದೆ. ಹೂವಿಲ್ಲದ ತಿಂಗಳುಗಳಲ್ಲಿ ಅದರ ಎಲೆ ಚಹಾಕ್ಕೆ, ಪಾನಕಕ್ಕೆ. ಮೆಕ್ಸಿಕೊದ 2,000 ಮೀಟರ್‌ಗೂ ಮೇಲಿನ ಕಾಡಿನ ಗಿಡವಾದ್ದರಿಂದ ಬೆಂಗಳೂರಿನ ಬೇಸಿಗೆಯ ಮಧ್ಯಾಹ್ನದಲ್ಲಿ ಅದಕ್ಕೆ ನೆರಳು ಬೇಕು. ಮಡಿಕೇರಿ, ಚಿಕ್ಕಮಗಳೂರಿನವರಿಗೆ ಈ ಚಿಂತೆ ಕಡಿಮೆ. ಫ್ಯಾರಿನೇಸಿಯಾ ಈ ಕಾಲದಲ್ಲೂ ಜೊತೆಗಿರುತ್ತದೆ. ನಿಜ ಹೇಳಬೇಕೆಂದರೆ ಅದರ ಅತಿ ಚೆಲುವಿನ ದಿನಗಳೂ ಇವೇ.

ಕರಾವಳಿಯವರಿಗೆ, ಕಲಬುರಗಿ-ರಾಯಚೂರಿನವರಿಗೆ ಇದೇ ಪಟ್ಟಿ ಒಪ್ಪಿಸುವುದು ಅಪ್ರಾಮಾಣಿಕತೆ. ಸೆಕೆಯೂ ಮಹಾಮಳೆಯೂ ಕೂಡಿದ ಮಂಗಳೂರಿನಲ್ಲಿ, ಬಿರುಬಿಸಿಲಿನ ಬಯಲುಸೀಮೆಯಲ್ಲಿ ಕಾಕ್ಸಿನಿಯಾ, ಫ್ಯಾರಿನೇಸಿಯಾಗಳನ್ನು ಚಳಿಗಾಲದ ಗಿಡಗಳಾಗಿ ಬೆಳೆಸುವುದೇ ಜಾಣತನ.

ಕತ್ತರಿಗೆ ಅಂಜಬೇಡಿ

ಗಿಡ ಆರಿಸುವುದು ಅರ್ಧ ಕೆಲಸ. ಇನ್ನರ್ಧ ಕತ್ತರಿಯದು. ನಮ್ಮಲ್ಲಿ ಹಸಿರು ಗಿಡದ ಮೇಲೆ ಕತ್ತರಿ ಆಡಿಸಲು ಕೈ ಬರುವುದಿಲ್ಲ. ಸಾಲ್ವಿಯ ಸೊರಗುವುದಕ್ಕೆ ಅತಿ ಸಾಮಾನ್ಯ ಕಾರಣ ಇದೇ.

ಕತ್ತರಿಸುವ ಮೊದಲು ಬುಡ ನೋಡಿ. ಲ್ಯೂಕ್ಯಾಂಥಾ, ಗ್ವಾರನಿಟಿಕಾ, ಎಲಿಗನ್ಸ್ ಮೊದಲಾದವು ಬುಡದಿಂದ ಹೊಸ ಕಡ್ಡಿಗಳನ್ನು ಎಬ್ಬಿಸುತ್ತವೆ. ಹೂವಿನ ಕಾಲ ಮುಗಿದು ಬುಡದಲ್ಲಿ ಚಿಗುರು ಕಂಡಾಗ ಹಳೆಯ ಕಡ್ಡಿಯನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಲ್ಯೂಕ್ಯಾಂಥಾಗೆ ಮಾರ್ಚ್ ಕೊನೆ ಸರಿಯಾದ ಸಮಯ. ಮಳೆಗಾಲದ ನಡುವೆ ತುದಿ ಚಿವುಟಿದರೆ ಪೊದೆ ದಟ್ಟವಾಗುತ್ತದೆ. ಆಗಸ್ಟ್ ಕಳೆದ ಮೇಲೆ ಮುಟ್ಟಬಾರದು, ಮೊಗ್ಗು ಹೋಗುತ್ತದೆ. ಗ್ರೆಗ್ಗಿಯೈ, ಮೈಕ್ರೋಫಿಲ್ಲಾಗಳ ಕಡ್ಡಿ ಮರದಂತೆ ಬಲಿಯುತ್ತದೆ. ಇವನ್ನು ಬುಡಕ್ಕೆ ಕತ್ತರಿಸಿದರೆ ಚಿಗುರದೆ ಸಾಯಬಹುದು. ಎಲೆ ಇರುವ ಭಾಗದಲ್ಲೇ, ಮೂರನೇ ಒಂದು ಪಾಲು ಮಾತ್ರ ತೆಗೆಯಿರಿ. ಫ್ಯಾರಿನೇಸಿಯಾ, ಕಾಕ್ಸಿನಿಯಾಗಳಿಗೆ ಬಾಡಿದ ತೆನೆಯನ್ನು ಆಗಾಗ ತೆಗೆಯುತ್ತಿದ್ದರೆ ಸಾಕು.

ಮಣ್ಣಿನ ವಿಷಯದಲ್ಲಿ ಇವಕ್ಕೆ ದೊಡ್ಡ ಹಟವಿಲ್ಲ, ನೀರು ಮಾತ್ರ ನಿಲ್ಲಬಾರದು. ಕೆಂಪುಮಣ್ಣಿಗೆ ಹಳೆಯ ಕಾಂಪೋಸ್ಟ್ ಮತ್ತು ದಪ್ಪ ಮರಳು ಬೆರೆಸಿ, ಪಾತಿಯನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿದರೆ ಮಳೆಗಾಲ ದಾಟುತ್ತವೆ. ಯೂರಿಯದಂಥ ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ ಹೂ ಕಡಿಮೆಯಾಗುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಬೇಸಿಗೆಯಲ್ಲಿ ಕೆಂಪುನುಸಿ, ಬಿಳಿನೊಣ, ಹಿಟ್ಟುತಿಗಣೆ ಕಾಣಿಸಿದರೆ ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿ, ಸಂಜೆ ಹೊತ್ತು ಬೇವಿನೆಣ್ಣೆಯ ದ್ರಾವಣ ಸಿಂಪಡಿಸಿ. ಹೂವಿಗೆ ದುಂಬಿ ಬರುವ ಹೊತ್ತಿನಲ್ಲಿ ಯಾವ ಸಿಂಪಡಣೆಯೂ ಬೇಡ.

ಒಂದು ಗಿಡ ಕೊಂಡರೆ ಹತ್ತು ಗಿಡ ಪುಕ್ಕಟೆ. ಹೂವಿಲ್ಲದ ಎಳೆಯ ಕಡ್ಡಿಯನ್ನು ನಾಲ್ಕು ಅಂಗುಲ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಮರಳು ಮತ್ತು ಕೊಕೊಪೀಟ್ ಮಿಶ್ರಣದಲ್ಲಿ ನೆರಳಿನಲ್ಲಿಟ್ಟರೆ ಎರಡು-ಮೂರು ವಾರದಲ್ಲಿ ಬೇರು ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ತಂಪು ಇದಕ್ಕೆ ಹೇಳಿ ಮಾಡಿಸಿದ್ದು. ಮೂರು ವರ್ಷ ದಾಟಿದ ತಾಯಿಗಿಡ ಬಡವಾಗುವ ಮೊದಲೇ ಮರಿ ಸಿದ್ಧವಿರಲಿ.

ಸೂರಕ್ಕಿಗೂ ಪಾಲು

ಸಾಲ್ವಿಯದ ಹೂವಿನೊಳಗೆ ಒಂದು ಯಂತ್ರವಿದೆ. ಪರಾಗ ಕೊಡುವ ಕೇಸರಗಳು ಎರಡೇ, ಪ್ರತಿಯೊಂದೂ ಏತದ ಮರದಂತೆ ನಡುವೆ ತೂಗಿಕೊಂಡಿರುತ್ತದೆ. ಮಕರಂದಕ್ಕಾಗಿ ಜೇನುನೊಣ ತಲೆ ತೂರಿಸಿ ಒಳಗಿನ ತುದಿಯನ್ನು ತಳ್ಳಿದೊಡನೆ ಹೊರಗಿನ ತುದಿ ಬಾಗಿ ಅದರ ಬೆನ್ನಿಗೆ ಪರಾಗ ಬಳಿಯುತ್ತದೆ. ಮುಂದಿನ ಹೂವಿನ ಶಲಾಕಾಗ್ರ ಅದೇ ಜಾಗವನ್ನು ಸವರಿ ಪರಾಗ ಪಡೆಯುತ್ತದೆ. ಹೂವಿನ ಈ ವ್ಯವಹಾರವನ್ನು 1793ರಷ್ಟು ಹಿಂದೆಯೇ ಜರ್ಮನಿಯ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್ ವಿವರಿಸಿದ್ದರು. ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಳ್ಳಿ ಮಕ್ಕಳಿಗೆ ತೋರಿಸಬಹುದು. ಇದಕ್ಕೆ ಅಗಲ ಬಾಯಿಯ ನೀಲಿ ಹೂಗಳೇ ಅನುಕೂಲ.

ನೀಳ ಕೊಳವೆಯ ಕೆಂಪು ಹೂಗಳು ಅಮೆರಿಕ ಖಂಡದಲ್ಲಿ ಝೇಂಕಾರದ ಹಕ್ಕಿಗಳಿಗಾಗಿ ರೂಪುಗೊಂಡವು. ಆ ಹಕ್ಕಿ ನಮ್ಮಲ್ಲಿಲ್ಲ. ಅದರ ಜಾಗಕ್ಕೆ ನಮ್ಮ ಸೂರಕ್ಕಿ ಬಂದು, ಗಾಳಿಯಲ್ಲಿ ನಿಲ್ಲುವ ಬದಲು ಕಡ್ಡಿಯ ಮೇಲೆ ಕುಳಿತು ಕೊಕ್ಕು ಚಾಚುತ್ತದೆ. ಹಾಗಾಗಿ ಸ್ಪ್ಲೆಂಡೆನ್ಸ್, ಎಲಿಗನ್ಸ್‌ಗಳ ಪಕ್ಕದಲ್ಲಿ ಗಟ್ಟಿಯಾದ ಪೊದೆಯೊಂದಿದ್ದರೆ ಅದಕ್ಕೆ ಅನುಕೂಲ. ಕಪ್ಪು ಬಡಗಿದುಂಬಿ ಮಾತ್ರ ಹೂವಿನ ಬುಡವನ್ನು ಸೀಳಿ ಮಕರಂದ ಕದಿಯುವುದುಂಟು. ಫ್ಯಾರಿನೇಸಿಯಾದ ಮೇಲೆ ನೀಲಿಪಟ್ಟಿಯ ಜೇನು, ತುಡುವೆ ಜೇನು ದಿನವಿಡೀ ದುಡಿಯುತ್ತವೆ. ಬದನೆ, ತೊಂಡೆ, ಸೋರೆ ಬೆಳೆಸುವವರು ಪಾತಿಯ ಅಂಚಿಗೆ ಇದನ್ನು ನೆಟ್ಟರೆ ತರಕಾರಿ ಹೂಗಳಿಗೂ ಹೆಚ್ಚು ಅತಿಥಿಗಳು ಸಿಗುತ್ತಾರೆ.

ಕೊಳ್ಳುವಾಗ

ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸಹಕಾರ ಸಂಘ, ಸಿದ್ದಾಪುರದ ನರ್ಸರಿಗಳ ಸಾಲು, ಜನವರಿ ಮತ್ತು ಆಗಸ್ಟ್ ಫಲಪುಷ್ಪ ಪ್ರದರ್ಶನದ ಮಳಿಗೆಗಳು ಹುಡುಕಾಟ ಆರಂಭಿಸಲು ಒಳ್ಳೆಯ ಜಾಗಗಳು. ಸ್ಪ್ಲೆಂಡೆನ್ಸ್, ಫ್ಯಾರಿನೇಸಿಯಾ ಸುಲಭವಾಗಿ ಸಿಗುತ್ತವೆ. ಲ್ಯೂಕ್ಯಾಂಥಾ, ಕಾಕ್ಸಿನಿಯಾ ಕೇಳಿದರೆ ಸಿಗುತ್ತವೆ. ಉಳಿದವಕ್ಕೆ ತಾಳ್ಮೆ ಬೇಕು. ಹಲವು ಕಡೆ ಎಲ್ಲಕ್ಕೂ ಚೀಟಿಯ ಮೇಲೆ ಸಾಲ್ವಿಯ ಎಂದಷ್ಟೇ ಬರೆದಿರುತ್ತದೆ. ಆದ್ದರಿಂದ ಚೀಟಿ ನಂಬದೆ ಎಲೆ, ಕಾಂಡ, ಪರಿಮಳ ನೋಡಿ. ಬಿಳಿ ಹಿಟ್ಟಿನ ಕಾಂಡವೇ, ಎಲೆಯಡಿ ಬಿಳಿಯೇ, ಪುಷ್ಪಪಾತ್ರೆ ಕಪ್ಪೇ, ಅನಾನಸ್ ವಾಸನೆಯೇ? ಈ ನಾಲ್ಕು ಪ್ರಶ್ನೆಗಳಲ್ಲಿ ನಾಲ್ಕು ಮುಖ್ಯ ಗಿಡಗಳು ಗುರುತಾಗುತ್ತವೆ. ಆ ದಿನ ಅರಳಿ ನಿಂತದ್ದಕ್ಕಿಂತ, ಬುಡದಲ್ಲಿ ಹೊಸ ಚಿಗುರಿರುವ ಗಿಡವನ್ನೇ ಆರಿಸಿ.

ಹೊರದೇಶದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಕಡ್ಡಿಯನ್ನೋ ಬೀಜವನ್ನೋ ತರಿಸುವ ಆಸೆ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಅದಕ್ಕೆ ಆಮದು ಪರವಾನಗಿಯೂ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಕಡ್ಡಿಯ ಜೊತೆ ಬರುವ ರೋಗ ಒಂದು ತೋಟದಲ್ಲಿ ನಿಲ್ಲುವುದಿಲ್ಲ.

ಮೊದಲ ಬಾರಿ ಕೈಹಾಕುವವರಿಗೆ ನಾಲ್ಕೇ ಗಿಡ ಸಾಕು: ವರ್ಷವಿಡೀ ನಿಲ್ಲಲು ಫ್ಯಾರಿನೇಸಿಯಾ, ಬೇಸಿಗೆಗೆ ಕಾಕ್ಸಿನಿಯಾ, ಮಳೆಗಾಲಕ್ಕೆ ಗ್ವಾರನಿಟಿಕಾ, ಚಳಿಗಾಲಕ್ಕೆ ಲ್ಯೂಕ್ಯಾಂಥಾ. ಜೂನ್‌ನ ಮೊದಲ ಹದ ಮಳೆಗೆ ನೆಡಿ, ಎಂಟಡಿ ಪಾತಿಯಲ್ಲಿ ಲ್ಯೂಕ್ಯಾಂಥಾವನ್ನು ಹಿಂದಕ್ಕೂ ಫ್ಯಾರಿನೇಸಿಯಾವನ್ನು ಮುಂದಕ್ಕೂ ಇಡಿ, ಯಾವುದು ಯಾವ ವಾರ ಅರಳಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೂವಿಲ್ಲದ ವಾರಗಳು ಎಲ್ಲಿವೆಯೆಂದು ವರ್ಷ ತುಂಬುವಾಗ ತಿಳಿಯುತ್ತದೆ. ಐದನೆಯ ಗಿಡವನ್ನು ಆ ಖಾಲಿ ವಾರಗಳಿಗಾಗಿ ಕೊಳ್ಳಿ.